ಜೂನಿಯರ್ ವಕೀಲರು ಮಳವಳ್ಳಿಯಲ್ಲೇ ನಿಲ್ಲಬೇಕಾದರೆ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಈ ಸೀಮೆಯ ಕಾನೂನು ಪದವೀಧರರ ದಾರಿಯೂ ಹಾಗೇ ಆಗಿದೆ. ಮಂಡ್ಯದ ಪಿ.ಇ.ಎಸ್. ಕಾನೂನು ಕಾಲೇಜಿನಲ್ಲೋ ಮೈಸೂರಿನಲ್ಲೋ ಓದುತ್ತಾರೆ, ಮಳವಳ್ಳಿ, ಮದ್ದೂರು ಕೋರ್ಟುಗಳಿಗೆ ಒಂದಷ್ಟು ದಿನ ಓಡಾಡುತ್ತಾರೆ, ಆಮೇಲೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ‘ಈಗಿನವರಿಗೆ ತಾಳ್ಮೆಯಿಲ್ಲ’ ಎಂದು ಹಿರಿಯರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಇಲ್ಲದಿರುವುದು ಕೈಖರ್ಚಿಗೆ ದುಡ್ಡು ಮತ್ತು ತಮ್ಮದೆನ್ನುವ ಕೆಲಸ. ತಾಲ್ಲೂಕು ಕೇಂದ್ರದಲ್ಲಿ ಆಫೀಸು ನಡೆಸುವ ಸೀನಿಯರ್‌ಗಳು ಇವೆರಡನ್ನೂ ಕೊಡಬಲ್ಲರು.

1. ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ, ಗೊತ್ತಾದ ತಾರೀಕಿಗೆ ಕೊಡಿ. ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿದೆ. ಕಡ್ಡಾಯವಲ್ಲ, ನಿಜ. ಸಣ್ಣ ಆಫೀಸಿಗೆ ಅಷ್ಟು ಆಗದೆಯೂ ಇರಬಹುದು. ಆದರೆ ಫೀಸು ಬಂದ ದಿನ ಜೇಬಿನಿಂದ ಐನೂರು ತೆಗೆದು ‘ಇಟ್ಕೊಳಪ್ಪ’ ಅನ್ನುವ ಪದ್ಧತಿ ನಿಲ್ಲಲೇಬೇಕು. ಕಾನೂನು ಓದಿದ ಮಗ ಇನ್ನೂ ಅಪ್ಪನ ಮುಂದೆ ಕೈಚಾಚುತ್ತಿದ್ದರೆ ಮನೆಯವರೇ ಅವನನ್ನು ಬೇರೆ ಕೆಲಸಕ್ಕೆ ಕಳಿಸುತ್ತಾರೆ.

2. ಬಸ್ ಚಾರ್ಜು, ಜೆರಾಕ್ಸು, ಸ್ಟಾಂಪಿನ ಖರ್ಚು ಬೇರೆ. ಅದನ್ನು ಸ್ಟೈಪೆಂಡಿಗೆ ಸೇರಿಸಬೇಡಿ.

3. ಜೂನಿಯರ್ ಕರೆತಂದ ಕಕ್ಷಿದಾರರ ಫೀಸಿನಲ್ಲಿ ಪಾಲು ಕೊಡಿ. ವಕೀಲರು ವಕೀಲರೊಂದಿಗೆ ಫೀಸು ಹಂಚಿಕೊಳ್ಳಬಹುದು. ವಕೀಲರಲ್ಲದವರೊಂದಿಗೆ ಹಂಚಿಕೊಳ್ಳಲು ಪರಿಷತ್ತಿನ ನಿಯಮ ಬಿಡುವುದಿಲ್ಲ. ಹಾಗಾಗಿ ಗುಮಾಸ್ತರಿಗೆ ಒಳ್ಳೆಯ ಸಂಬಳ, ಹಬ್ಬಕ್ಕೆ ಬೋನಸ್ಸು. ಯಾವ ಕಡತ ಯಾವ ಶಾಖೆಯಲ್ಲಿದೆ, ನಕಲಿಗೆ ಎಂದು ಅರ್ಜಿ ಹಾಕಿದ್ದು ಎಂಬುದೆಲ್ಲ ನೆನಪಿರುವ ಗುಮಾಸ್ತರು ಬಿಟ್ಟುಹೋದರೆ ಅರ್ಧ ಆಫೀಸೇ ಹೋದಂತೆ.

4. ಒಂದಾದರೂ ಕೇಸನ್ನು ಪೂರ್ತಿ ಒಪ್ಪಿಸಿ. ವಾಯಿದೆ ಕೇಳುವುದು, ಫೈಲು ಹೊರುವುದು, ಸೀನಿಯರ್ ಬರುವ ತನಕ ‘ಪಾಸ್ ಓವರ್’ ಎಂದು ನಿಲ್ಲುವುದು, ಇಷ್ಟರಲ್ಲೇ ವರ್ಷ ಕಳೆದರೆ ಚುರುಕಾದವರು ಯಾಕೆ ನಿಲ್ಲುತ್ತಾರೆ? ನಮ್ಮ ಕಡೆ ವಿಭಾಗದ ದಾವೆಗಳಿಗೆ ಬರವಿಲ್ಲ. ನಾಲೆ ಬಯಲಿನ ಎರಡು ಎಕರೆ ಗದ್ದೆ, ಜಂಟಿ ಖಾತೆ, ಮೂವರು ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಅಕ್ಕನ ಪಾಲು. ಇಂಥದೊಂದನ್ನು ಕೈಗಿಡಿ. ಪಹಣಿ, ಮ್ಯುಟೇಷನ್, ವಂಶವೃಕ್ಷ ಜೋಡಿಸಿಕೊಂಡು ಕನ್ನಡದಲ್ಲೇ ವಾದಪತ್ರ ಬರೆಯಲಿ. ನೀವು ಕೆಂಪು ಪೆನ್ನಿನಲ್ಲಿ ತಿದ್ದಿ, ಯಾಕೆ ತಿದ್ದಿದಿರಿ ಎಂದು ಎದುರು ಕೂರಿಸಿಕೊಂಡು ಹೇಳಿ. ಪಾಟಿ ಸವಾಲಿನ ದಿನ ಪಕ್ಕದಲ್ಲಿ ಕೂತಿರಿ, ಎದ್ದು ನಿಲ್ಲುವುದು ಅವರೇ ಆಗಲಿ. ಜಮೀನಿನ ಮನೆಯಲ್ಲಿ ಹುಟ್ಟಿದವರಿಗೆ ಬದುವು, ಕಾಲುವೆ, ಪಾಲುಪಟ್ಟಿ ಎಳವೆಯಿಂದಲೇ ಗೊತ್ತು. ಬೆಂಗಳೂರಿನ ಕಾರ್ಪೊರೇಟ್ ಸಂಸ್ಥೆ ಆ ತಿಳಿವಳಿಕೆಗೆ ಬೆಲೆ ಕೊಡುವುದಿಲ್ಲ, ನೀವು ಕೊಡಬಲ್ಲಿರಿ. ಬೇರೆಯವರ ಕೇಸಿನಲ್ಲಿ ಸ್ಥಳ ತನಿಖೆಗೆ ಕೋರ್ಟ್ ಕಮಿಷನರ್ ಆಗುವ ಅವಕಾಶ ಬಂದರೆ ತಡೆಯದೆ ಕಳಿಸಿ. ಗೌರವಧನವೂ ಸಿಗುತ್ತದೆ, ಹೆಸರೂ ಬರುತ್ತದೆ.

5. ಮೂರು ವರ್ಷದ ಲೆಕ್ಕ ಅರಿತುಕೊಳ್ಳಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪಿತ್ತಿತು. ನ್ಯಾಯಾಧೀಶರಾಗುವ ಕನಸಿರುವ ಜಾಣರು ಎಲ್ಲೋ ಒಂದು ಕಡೆ ಪ್ರಾಕ್ಟೀಸ್ ಮಾಡಲೇಬೇಕು. ನಿಮ್ಮಲ್ಲೇ ಮಾಡಲಿ. ಅದಕ್ಕೆ ವಕಾಲತ್ತಿನಲ್ಲಿ ಅವರ ಹೆಸರೂ ಇರಬೇಕು, ಪರೀಕ್ಷೆಗೆ ಓದಲು ರಜೆಯೂ ಸಿಗಬೇಕು.

6. ಹೆಣ್ಣುಮಕ್ಕಳಿಗೆ ಹೊಂದುವ ವೇಳೆ ಇಡಿ. ಊರಿನ ಕೊನೆಯ ಬಸ್ಸು ಹೋದ ಮೇಲೂ ನಡೆಯುವ ಸಂಜೆ ಆಫೀಸಿಗೆ ಹಳ್ಳಿಯಿಂದ ಬರುವ ವಕೀಲೆ ಹೇಗೆ ಉಳಿದಾರು? ಅವರ ಡ್ರಾಫ್ಟಿಂಗ್ ಬೆಳಿಗ್ಗೆ ಆಗಲಿ ಅಥವಾ ಮನೆಯಿಂದಲೇ ಆಗಲಿ. ಎಲ್ಲ ಕೋರ್ಟುಗಳಲ್ಲೂ ಶೌಚಾಲಯ ಇರಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಿದೆ. ಕೋರ್ಟಿನ ಎದುರಿನ ನಿಮ್ಮ ಬಾಡಿಗೆ ಕೋಣೆಯಲ್ಲೂ ಒಂದು ಇರಲಿ. ಇದು ಸಣ್ಣ ಮಾತಲ್ಲ.

7. ಹೈಕೋರ್ಟಿನ ರುಚಿ ತೋರಿಸಿ. ವಿಡಿಯೊ ಕಾನ್ಫರೆನ್ಸ್ ಬಂದಮೇಲೆ ಮಳವಳ್ಳಿಯಲ್ಲಿ ಕೂತೇ ಹಾಜರಾಗಬಹುದು.

8. ಕಕ್ಷಿದಾರರ ಎದುರು ಬೈಯಬೇಡಿ. ತಪ್ಪಿದ್ದರೆ ಬಾಗಿಲು ಹಾಕಿಕೊಂಡು ಹೇಳಿ.

9. ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಅನುಭವ ಪತ್ರ ಕೇಳಿದರೆ ಸತಾಯಿಸಬೇಡಿ. ಹತ್ತು ವರ್ಷ ಪ್ರಾಕ್ಟೀಸ್ ಆದ ವಕೀಲರ ದೃಢೀಕರಣ ಆ ನ್ಯಾಯಾಧೀಶರ ಹುದ್ದೆಯ ಅರ್ಜಿಗೂ ಬೇಕಾಗುತ್ತದೆ. ಕೇಳಿದ ದಿನವೇ ಬರೆದು, ಸಹಿ ಹಾಕಿ ಕೊಟ್ಟು ಕಳಿಸಿ.