ಕೆಲಸ ಕೈಬದಲಾಗುವ ಕಡೆ: ತಂಡಕ್ಕೊಂದು ತಂತ್ರಾಂಶದ ಆಯ್ಕೆ

ಹಲವರು ಕೂಡಿ ಮಾಡುವ ಕೆಲಸದಲ್ಲಿ ಯಾರ ಪಾಲಿನದು ಎಷ್ಟಾಯಿತು, ಯಾವುದು ಬಾಕಿ ಉಳಿಯಿತು ಎಂಬುದನ್ನು ಅಂತರಜಾಲದಲ್ಲಿ ತಂಡದ ಎಲ್ಲರಿಗೂ ಕಾಣುವಂತೆ ದಾಖಲಿಸಿಡುವ ಸಾಧನಗಳಿಗೆ ಯೋಜನಾ ನಿರ್ವಹಣಾ ತಂತ್ರಾಂಶಗಳೆಂದು ಹೆಸರು. 2002ರ ಜಿರಾ, 2004ರ ಬೇಸ್‌ಕ್ಯಾಂಪ್, 2011ರ ಟ್ರೆಲ್ಲೊ, ಚೆನ್ನೈನ ಜೋಹೊ ಪ್ರಾಜೆಕ್ಟ್ಸ್ ಹೀಗೆ ಆಯ್ಕೆಗೆ ಕೊರತೆಯಿಲ್ಲ. ಪುಸ್ತಕ ಪ್ರಕಟಣೆಯಂಥ ಸಣ್ಣ ತಂಡಗಳಲ್ಲಿ ಇಂಥವನ್ನು ಬಳಸಿದ ಅನುಭವ ಕಲಿಸುವ ಮೊದಲ ಪಾಠವೆಂದರೆ, ಸೌಲಭ್ಯಗಳ ಪಟ್ಟಿಯನ್ನು ತೂಗಿ ನೋಡುವ ಮುನ್ನ ಕೆಲಸವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗಗಳನ್ನು ಗುರುತಿಸಿಕೊಳ್ಳಬೇಕು ಎಂಬುದು.

ವಿಳಂಬ ಹೆಚ್ಚಾಗಿ ಹುಟ್ಟುವುದು ಈ ದಾಟುವಿಕೆಯಲ್ಲೇ. ಐವರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 10 ಇದ್ದರೆ ಹತ್ತು ಜನರ ತಂಡದಲ್ಲಿ ಅವು 45ಕ್ಕೆ ಏರುತ್ತವೆ. ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ತಂತ್ರಾಂಶ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲಿ ವಾದಿಸಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಇಷ್ಟೂ ಮಾತುಕತೆ ವಾಟ್ಸ್‌ಆ್ಯಪ್ ಗುಂಪಿನಲ್ಲೇ ನಡೆದಾಗ, ಮೂರನೆಯ ಅಧ್ಯಾಯದ ಕರಡು ನೋಡಿ ಮುಗಿಯಿತೆಂಬ ಸಂದೇಶ ಹಬ್ಬದ ಶುಭಾಶಯಗಳ ನಡುವೆ ಕಳೆದುಹೋಗಿ, ಪುಟವಿನ್ಯಾಸಕರು ತಿದ್ದದ ಕಡತವನ್ನೇ ಅಚ್ಚಿಗೆ ಕಳಿಸಿಬಿಡುವುದುಂಟು.

ಇಂಥ ತಪ್ಪನ್ನು ತಡೆಯಲು ಕಾನ್‌ಬಾನ್ ಫಲಕ ಸಾಕಾಗುತ್ತದೆ. ಟೊಯೋಟ ಕಾರ್ಖಾನೆಗಳಲ್ಲಿ ತೈಯಿಚಿ ಓನೊ ರೂಪಿಸಿದ ಪದ್ಧತಿಯಿಂದ ಬಂದ ಈ ಕ್ರಮದಲ್ಲಿ ಪ್ರತಿ ಕೆಲಸಕ್ಕೂ ಒಂದು ಚೀಟಿಯಿದ್ದು, ಅದು ‘ಕರಡು ತಿದ್ದುವಿಕೆ’, ‘ಲೇಖಕರ ಒಪ್ಪಿಗೆ’, ‘ಪುಟವಿನ್ಯಾಸ’ ಎಂಬ ಕಂಬಸಾಲುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಚೀಟಿಯ ಮೇಲೆ ಒಬ್ಬರದೇ ಹೆಸರಿರಬೇಕು. ಇಬ್ಬರ ಹೆಸರಿದ್ದರೆ ಒಬ್ಬರು ಮಾಡಿಯಾರೆಂದು ಇನ್ನೊಬ್ಬರು ಕಾಯುತ್ತ ಅದು ಅಲ್ಲೇ ಕೂರುತ್ತದೆ. ಕೆಲಸಗಳನ್ನು ದಿನಾಂಕಗಳ ಮೇಲೆ ಅಡ್ಡಪಟ್ಟಿಗಳಾಗಿ ತೋರಿಸುವ ಗ್ಯಾಂಟ್ ನಕ್ಷೆಯು, ಒಂದು ಮುಗಿಯದೆ ಇನ್ನೊಂದನ್ನು ಆರಂಭಿಸಲಾಗದ ಕಟ್ಟಡ ನಿರ್ಮಾಣದಂಥ ಕಡೆ ಅಗತ್ಯವಾದರೂ, ಸಣ್ಣ ತಂಡಕ್ಕೆ ಅದನ್ನು ದಿನವೂ ತಿದ್ದುವುದೇ ಇನ್ನೊಂದು ಕೆಲಸವಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವ ತಂಡಕ್ಕೆ ಬೇರೊಂದು ಪರೀಕ್ಷೆಯೂ ಬೇಕು. ನುಡಿ, ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿ ಬೆರಳಚ್ಚಿಸಿದ ಪಠ್ಯವನ್ನು ಚೀಟಿಯಲ್ಲಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಆದ್ದರಿಂದ ಎಲ್ಲ ಭಾಷೆಗಳಿಗೂ ಸಮಾನ ಸಂಕೇತವಾದ ಯುನಿಕೋಡ್‌ಗೆ ಮೊದಲೇ ಬದಲಾಯಿಸಿಕೊಂಡು, ಕನ್ನಡದಲ್ಲಿ ಹುಡುಕಿದರೆ ಚೀಟಿ ಸಿಗುತ್ತದೆಯೇ ಎಂದು ನೋಡಬೇಕು.

ಸೇರುವ ದಿನವೇ ಹೊರಬರುವ ದಾರಿಯನ್ನೂ ವಿಚಾರಿಸಬೇಕು. ಕೆಲಸಗಳ ಪಟ್ಟಿ ಇಡುವ ತಂತ್ರಾಂಶವಾಗಿದ್ದ ವುಂಡರ್‌ಲಿಸ್ಟನ್ನು 2015ರಲ್ಲಿ ಕೊಂಡ ಮೈಕ್ರೋಸಾಫ್ಟ್ 2020ರಲ್ಲಿ ಅದನ್ನು ಮುಚ್ಚಿತು. 2017ರಲ್ಲಿ ಅಟ್ಲಾಸಿಯನ್ ಕಂಪನಿಯ ಪಾಲಾದ ಟ್ರೆಲ್ಲೊ 2024ರಲ್ಲಿ ಉಚಿತ ಬಳಕೆಯನ್ನು ಹತ್ತು ಜನರಿಗೆ ಮಿತಿಗೊಳಿಸಿತು. ಉಚಿತ ಸೌಲಭ್ಯದ ನಿಯಮಗಳು ಬದಲಾಗಬಹುದಾದ್ದರಿಂದ, ದಾಖಲೆಗಳನ್ನು ಎಕ್ಸೆಲ್‌ನಲ್ಲಿ ತೆರೆಯಬಲ್ಲ ರೂಪದಲ್ಲಿ ಇಳಿಸಿಕೊಳ್ಳಲು ಬರುತ್ತದೆಯೇ ಎಂಬುದನ್ನು ಒಂದು ಸಣ್ಣ ಕೆಲಸದ ಮೇಲೆ ಪ್ರಯೋಗಿಸಿ ತಿಳಿಯುವುದು ಜಾಣತನ.

ಇವೆಲ್ಲದರ ಮೇಲೆ, ತಂಡದಲ್ಲಿ ಕಂಪ್ಯೂಟರಿನ ಬಗ್ಗೆ ಎಲ್ಲರಿಗಿಂತ ಕಡಿಮೆ ಒಲವಿರುವ ಸದಸ್ಯರು ಯಾರೂ ನೆನಪಿಸದೆ ತಮ್ಮ ಚೀಟಿಯನ್ನು ತಾವೇ ಮುಂದಕ್ಕೆ ಸರಿಸುವ ತಂತ್ರಾಂಶ ಯಾವುದೋ, ಆ ತಂಡಕ್ಕೆ ಅದೇ ಸರಿಯಾದದ್ದು.