ಆಬ್ಜೆಕ್ಟ್‌ಗೆ ಎಷ್ಟು ಆಯಸ್ಸು? ವೆಬ್ ಡೆವಲಪರ್‌ಗೆ ಏಳು ಸೂತ್ರಗಳು

ದೊಡ್ಡಬಳ್ಳಾಪುರದ ಪವರ್‌ಲೂಮ್ ಮಾಲೀಕರಿಗೆ ಸೀರೆ ಆರ್ಡರ್ ಪಡೆಯುವ ವೆಬ್ ಆ್ಯಪ್ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿದೆ. ನಾಲ್ಕು ಜನ ಒಟ್ಟಿಗೆ ಲಾಗಿನ್ ಆದೊಡನೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುತ್ತದೆ! ಬೇಕಾದ ಆಬ್ಜೆಕ್ಟ್‌ಗಳನ್ನು ಹೊರಗಿನಿಂದ ಒದಗಿಸುವ ಡಿಪೆಂಡೆನ್ಸಿ ಇಂಜೆಕ್ಷನ್‌ನಲ್ಲಿ ಆಬ್ಜೆಕ್ಟ್‌ನ ಆಯಸ್ಸು ತಪ್ಪಿದರೆ ಆಗುವ ಅನಾಹುತವಿದು. ಎಎಸ್‌ಪಿ ಡಾಟ್‌ನೆಟ್ ಕೋರ್ ಬಳಸುವವರು ಇವಿಷ್ಟನ್ನು ಪಾಲಿಸಿ.

1. ಆಯಸ್ಸಿನ ಮೂರೂ ಬಗೆ ಬಾಯಿಗೆ ಬರಲಿ. ಟ್ರಾನ್ಸಿಯೆಂಟ್ ಎಂದರೆ ಕೇಳಿದಾಗಲೆಲ್ಲ ಹೊಸದು. ಸ್ಕೋಪ್ಡ್ ಎಂದರೆ ಒಂದು ರಿಕ್ವೆಸ್ಟ್‌ಗೆ ಒಂದು. ಸಿಂಗಲ್‌ಟನ್ ಎಂದರೆ ಆ್ಯಪ್ ನಿಲ್ಲುವವರೆಗೆ ಒಂದೇ.

2. "ಇದು ಯಾರ ಮಾಹಿತಿ?" ಎಂದು ಮೊದಲು ಕೇಳಿ. ಲಾಗಿನ್ ಆದವರ ಹೆಸರು, ಅವರ ಆರ್ಡರ್ ಸ್ಕೋಪ್ಡ್‌ನಲ್ಲಿರಲಿ. ಎಲ್ಲರಿಗೂ ಒಂದೇ ಆದ, ಬದಲಾಗದ ಸೆಟ್ಟಿಂಗ್ ಸಿಂಗಲ್‌ಟನ್ ಆಗಲಿ.

3. ಸಿಂಗಲ್‌ಟನ್ ಒಳಗೆ ಸ್ಕೋಪ್ಡ್ ಸೇರಿಸಬೇಡಿ. ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಬಿಲ್ ಮಾಡುವ ಸಿಂಗಲ್‌ಟನ್ ಸರ್ವಿಸ್ ಗ್ರಾಹಕರ ಮಾಹಿತಿಯ ಸ್ಕೋಪ್ಡ್ ಆಬ್ಜೆಕ್ಟ್ ಹಿಡಿದುಕೊಂಡರೆ, ಬೆಳಿಗ್ಗೆ ಮೊದಲು ಬಂದವರ ಹೆಸರೇ ಸಂಜೆಯವರೆಗೂ ಎಲ್ಲರ ಬಿಲ್ಲಿನ ಮೇಲೆ ಬೀಳುತ್ತದೆ. ಡಿಪೆಂಡೆನ್ಸಿ ಇಂಜೆಕ್ಷನ್ ಬಗ್ಗೆ ಪುಸ್ತಕ ಬರೆದ ಮಾರ್ಕ್ ಸೀಮನ್ ಈ ತಪ್ಪಿಗೆ ಕ್ಯಾಪ್ಟಿವ್ ಡಿಪೆಂಡೆನ್ಸಿ ಎಂದು ಹೆಸರಿಟ್ಟರು. ಹಿಡಿದಿಟ್ಟುಕೊಳ್ಳುವ ಆಬ್ಜೆಕ್ಟ್‌ನ ಆಯಸ್ಸು ಒಳಗಿರುವುದರ ಆಯಸ್ಸಿಗಿಂತ ಹೆಚ್ಚಾಗಕೂಡದು.

4. ಡೇಟಾಬೇಸ್ ಜೊತೆ ವ್ಯವಹರಿಸುವ ಡಿಬಿಕಾಂಟೆಕ್ಸ್ಟ್ ಸ್ಕೋಪ್ಡ್ ಆಗಿಯೇ ಇರಲಿ. ಅದು ಥ್ರೆಡ್‌ಸೇಫ್ ಅಲ್ಲ. ಒಂದೇ ಕಾಂಟೆಕ್ಸ್ಟ್ ಮೇಲೆ ಎರಡು ಕ್ವೆರಿ ಏಕಕಾಲಕ್ಕೆ ಓಡಿಸಬೇಡಿ.

5. ಹಿನ್ನೆಲೆ ಕೆಲಸಕ್ಕೆ ಸ್ಕೋಪ್ ನೀವೇ ತೆರೆಯಿರಿ. ರಾತ್ರಿ ಸ್ಟಾಕ್ ಲೆಕ್ಕ ಹಾಕುವ ಹೋಸ್ಟೆಡ್ ಸರ್ವಿಸ್‌ಗೆ ರಿಕ್ವೆಸ್ಟ್ ಇರುವುದಿಲ್ಲ. ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿಯಿಂದ ಪ್ರತಿ ಸುತ್ತಿಗೂ ಹೊಸ ಸ್ಕೋಪ್ ಪಡೆದು, ಕೆಲಸ ಮುಗಿದೊಡನೆ ಮುಚ್ಚಿ.

6. ಹುಟ್ಟಿಸಿದವರೇ ಡಿಸ್ಪೋಸ್ ಮಾಡಲಿ. ಆಬ್ಜೆಕ್ಟ್‌ಗಳನ್ನು ಒದಗಿಸುವ ಕಂಟೈನರ್ ತಾನು ಸೃಷ್ಟಿಸಿದ್ದನ್ನು ತಾನೇ ವಿಲೇವಾರಿ ಮಾಡುತ್ತದೆ, ನೀವು ಕೈಹಾಕಬೇಡಿ. ನೀವೇ ಸೃಷ್ಟಿಸಿ ಸಿಂಗಲ್‌ಟನ್ ಎಂದು ನೋಂದಾಯಿಸಿದ್ದರ ಹೊಣೆ ನಿಮ್ಮದು. ಡಿಸ್ಪೋಸ್ ಬೇಕಾದ ಟ್ರಾನ್ಸಿಯೆಂಟ್‌ಗಳನ್ನು ಯಾವ ಸ್ಕೋಪ್‌ಗೂ ಸೇರದ ರೂಟ್ ಪ್ರೊವೈಡರ್‌ನಿಂದ ತರಿಸಿದರೆ ಅವು ಆ್ಯಪ್ ನಿಲ್ಲುವವರೆಗೆ ಮೆಮೊರಿಯಲ್ಲೇ ಕೂತಿರುತ್ತವೆ.

7. ತಪಾಸಣೆ ತಪ್ಪಿಸಬೇಡಿ. ಮೂರನೇ ಸೂತ್ರದ ತಪ್ಪನ್ನು ಹಿಡಿಯುವ ವ್ಯಾಲಿಡೇಟ್‌ಸ್ಕೋಪ್ಸ್ ಡೆವಲಪ್‌ಮೆಂಟ್ ಪರಿಸರದಲ್ಲಿ ತಾನಾಗಿಯೇ ಆನ್ ಇರುತ್ತದೆ. ಟೆಸ್ಟ್ ಸರ್ವರ್‌ನಲ್ಲಿ ನೀವೇ ಆನ್ ಮಾಡಿ. ಬೇರೆ ಬೇರೆ ಲಾಗಿನ್‌ಗಳಿಂದ ಒಂದೇ ಹೊತ್ತಿಗೆ ರಿಕ್ವೆಸ್ಟ್ ಕಳಿಸುವ ಟೆಸ್ಟ್ ಬರೆಯಿರಿ. ಅದು ಪಾಸಾಗುವ ತನಕ ಡಿಪ್ಲಾಯ್ ಬೇಡ.