ಬುಗುರಿಯು ಬೀಳದಿರುವುದೇಕೆ?

ಚನ್ನಪಟ್ಟಣದ ಬಣ್ಣದ ಬುಗುರಿಯನ್ನು ಕಾಣದ ಮನೆಯು ನಮ್ಮ ಸೀಮೆಯಲ್ಲಿ ವಿರಳ. ತಿರುಗದ ಬುಗುರಿಯನ್ನು ಅದರ ಮೊನೆಯ ಮೇಲೆ ನಿಲ್ಲಿಸಲು ಎಂತಹ ಜಾಣರಿಂದಲೂ ಆಗದು. ತಿರುಗುವ ಬುಗುರಿಯಾದರೋ ತಾನಾಗಿಯೇ ನಿಲ್ಲುವುದು. ಭಾರವು ಅದೇ, ಮೊನೆಯೂ ಅದೇ, ನೆಲವೂ ಅದೇ. ಹೊಸದಾಗಿ ಸೇರಿದುದು ತಿರುಗಾಟವೊಂದೇ. ಆ ತಿರುಗಾಟದಲ್ಲಿರುವ ಗುಣವೇನೆಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶವು.

ಮೊದಲು ಬುಗುರಿಯು ಹುಟ್ಟುವ ಬಗೆಯನ್ನು ನೋಡೋಣ. ಹಗುರವಾದ, ಬಿಳುಪಾದ ಹಾಲೆಮರದ ತುಂಡನ್ನು ಒಣಗಿಸಿ, ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುವರು. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವರು. ಉಜ್ಜುವಿಕೆಯಿಂದ ಹುಟ್ಟಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಒಣಗಿದ ತಾಳೆಗರಿಯಿಂದ ಒತ್ತಿದಾಗ ಅದು ಹೊಳಪನ್ನು ಪಡೆಯುವುದು. ತಿರುಗುತ್ತಲೇ ರೂಪಗೊಂಡುದರಿಂದ ಅದರ ಭಾರವು ನಡುಗೆರೆಯ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಿರುತ್ತದೆ. ಈ ನಡುಗೆರೆಗೆ ಅಕ್ಷವೆಂದು ಹೆಸರು.

ಈಗ ಬೀಳದಿರುವ ಕಾರಣವನ್ನು ಕೇಳಿರಿ. ಬುಗುರಿಯು ಮೇಲಿನಿಂದ ನೋಡುವವರಿಗೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತ, ಪೂರ್ವಕ್ಕೆ ತುಸು ವಾಲಿದೆಯೆಂದು ಭಾವಿಸೋಣ. ಭೂಮಿಯ ಆಕರ್ಷಣವು ಅದರ ಪೂರ್ವದ ಅಂಚನ್ನು ಕೆಳಕ್ಕೆ ತಗ್ಗಿಸಲೆತ್ನಿಸುವುದು. ನಿಂತ ಬುಗುರಿಯಾಗಿದ್ದರೆ ಅಲ್ಲಿಯೇ ಉರುಳುತ್ತಿತ್ತು. ಆದರೆ ತಿರುಗುವ ಬುಗುರಿಯ ಅಂಚಿನಲ್ಲಿರುವ ಪ್ರತಿಯೊಂದು ಕಣವೂ ಓಡುತ್ತಿದೆ. ಪೂರ್ವದಲ್ಲಿ ಕೆಳಮುಖವಾದ ನೂಕನ್ನು ಪಡೆದ ಕಣವು ಪೂರ್ವದಲ್ಲಿಯೇ ತಗ್ಗಲಾರದು. ಮುಂದೋಡುತ್ತ, ಕಾಲು ಸುತ್ತು ಕಳೆದು, ಉತ್ತರಕ್ಕೆ ಬಂದಾಗ ತಗ್ಗಿರುವುದು. ಆದುದರಿಂದ ಬುಗುರಿಯ ತಲೆಯು ಪೂರ್ವಕ್ಕೆ ಬೀಳದೆ ಉತ್ತರಕ್ಕೆ ಸರಿಯುತ್ತದೆ. ಅಲ್ಲಿಯೂ ಇದೇ ನ್ಯಾಯವು ನಡೆದು ಪಶ್ಚಿಮಕ್ಕೆ, ಬಳಿಕ ದಕ್ಷಿಣಕ್ಕೆ ಸರಿಯುತ್ತದೆ. ಬೀಳಿಸುವ ಬಲವೇ ಸುತ್ತಿಸುವ ಬಲವಾಗಿ ಪರಿಣಮಿಸಿತು! ಬುಗುರಿಯ ತಲೆಯು ನಿಧಾನವಾಗಿ ಸುತ್ತುವ ಈ ಚಲನೆಯನ್ನು ಅಕ್ಷಭ್ರಮಣವೆಂದು ಕರೆಯೋಣ. ತಿರುಗಾಟದ ವೇಗವು ಹೆಚ್ಚಿದ್ದಷ್ಟೂ ಅಕ್ಷವು ನಿಧಾನವಾಗಿ ಸುತ್ತುವುದು. ಮೊನೆಯ ಉಜ್ಜುವಿಕೆಯಿಂದಲೂ ಗಾಳಿಯ ತಡೆಯಿಂದಲೂ ವೇಗವು ಕುಂದಿದಂತೆ ತಲೆಯ ತೂಗಾಟವು ಬಿರುಸಾಗಿ, ಕೊನೆಗೆ ಬುಗುರಿಯು ಉರುಳುವುದು.

ಭಾರವು ಎಷ್ಟೆಂಬುದು ಮಾತ್ರವಲ್ಲ, ಎಲ್ಲಿದೆಯೆಂಬುದೂ ಇಲ್ಲಿ ಮುಖ್ಯವು. ಅಕ್ಷದಿಂದ ೧ ಅಂಗುಲ ದೂರದಲ್ಲಿರುವ ಭಾರವನ್ನು ೨ ಅಂಗುಲಕ್ಕೆ ಒಯ್ದರೆ, ಅದನ್ನು ತಿರುಗಿಸುವ ಕಷ್ಟವೂ, ತಿರುಗಿದ ಮೇಲೆ ನಿಲ್ಲಿಸುವ ಕಷ್ಟವೂ ೪ ಪಾಲಾಗುವುದು. ಅಗಲವಾದ ಬುಗುರಿಯು ಸಣಕಲು ಬುಗುರಿಗಿಂತ ಸ್ಥಿರವಾಗಿ ಆಡುವುದು ಇದರಿಂದಲೇ. ಅಂಚಿನ ಸುತ್ತಲೂ ಜೇಡಿಮಣ್ಣನ್ನು ಸಮನಾಗಿ ಮೆತ್ತಿ ಒಮ್ಮೆಯೂ, ಒಂದೇ ಪಕ್ಕಕ್ಕೆ ಮೆತ್ತಿ ಮತ್ತೊಮ್ಮೆಯೂ ಆಡಿಸಿ ನೋಡಿದರೆ, ಕಡೆಯುವವರ ಕುಶಲತೆಯ ಬೆಲೆಯು ಕೂಡಲೆ ತಿಳಿಯುವುದು.

ನಾವು ನಿಂತಿರುವ ಭೂಮಿಯೂ ಒಂದು ಬುಗುರಿಯೇ. ಅದರ ಅಕ್ಷವು ಸುಮಾರು ೨೩½ ಅಂಶ ವಾಲಿದೆ. ಸಮಭಾಜಕದ ಬಳಿ ಉಬ್ಬಿಕೊಂಡಿರುವುದರಿಂದ ಅಲ್ಲಿಯ ವ್ಯಾಸವು ಧ್ರುವಗಳ ನಡುವಣ ವ್ಯಾಸಕ್ಕಿಂತ ಸುಮಾರು ೪೩ ಕಿಲೋಮೀಟರು ಹೆಚ್ಚು. ಈ ಉಬ್ಬನ್ನು ಸೂರ್ಯಚಂದ್ರರು ಸೆಳೆದು ಅಕ್ಷವನ್ನು ನೆಟ್ಟಗೆ ಮಾಡಲೆತ್ನಿಸುವರು. ಬುಗುರಿಯನ್ನು ಆಕರ್ಷಣವು ಬೀಳಿಸಲೆಳೆಯುವುದು, ಇಲ್ಲಿ ನಿಲ್ಲಿಸಲೆಳೆಯುವುದು. ಆದುದರಿಂದ ಭೂಮಿಯ ಅಕ್ಷವು ತಿರುಗಾಟಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸರಿಯುವುದು. ಒಂದು ಸುತ್ತಿಗೆ ಸುಮಾರು ೨೬,೦೦೦ ವರ್ಷಗಳು ಬೇಕು. ಎಂದರೆ ೧ ಅಂಶಕ್ಕೆ ಸುಮಾರು ೭೨ ವರ್ಷಗಳು. ಇದನ್ನೇ ನಮ್ಮ ಜ್ಯೋತಿಷಿಗಳು ಅಯನಚಲನವೆಂದರು. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ ೨೨ರ ಸುಮಾರಿಗಾದರೂ, ನಾವು ಎಳ್ಳು ಬೀರುವ ಸಂಕ್ರಾಂತಿಯು ಜನವರಿ ೧೪ ಅಥವಾ ೧೫ರಂದು ಬರುವುದು ಇದರ ಫಲವೇ. ಸುಮಾರು ೧,೭೦೦ ವರ್ಷಗಳ ಹಿಂದೆ ಅವೆರಡೂ ಕೂಡಿಬರುತ್ತಿದ್ದುವು.

ಕೊನೆಯದಾಗಿ ಹೇಳಬೇಕಾದ ವಿಷಯವು ಪ್ರಾಣಕ್ಕೆ ಸಂಬಂಧಿಸಿದುದು. ಇಂದು ಲೇತಿನ ಮುಂದೆ ಸ್ತ್ರೀಯರೂ ಕುಳಿತು ಕೆಲಸ ಮಾಡುವರು. ಮೋಟಾರು ಸೈಕಲಿನ ಹಿಂದೆ ಕುಳಿತು ಊರೂರಿಗೆ ಹೋಗುವರು. ೩ ಸೆಂಟಿಮೀಟರು ದಪ್ಪದ ದಂಡವೊಂದು ನಿಮಿಷಕ್ಕೆ ೧,೫೦೦ ಸುತ್ತು ತಿರುಗಿದರೆ, ಸೆಕೆಂಡಿಗೆ ೨೫ ಸುತ್ತಾಯಿತು. ಪ್ರತಿ ಸುತ್ತಿಗೂ ಅದು ೯ ಸೆಂಟಿಮೀಟರಿಗಿಂತ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಅಪಾಯವನ್ನು ಕಂಡು ಕೈಯಾಡಿಸಲು ನಮಗೆ ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು. ಅಷ್ಟರಲ್ಲಿ ಒಂದು ಮೊಳದಷ್ಟು ಸೆರಗು ಒಳಗೆ ಸೇರಿರುವುದು! ಗುಂಡಿಯನ್ನು ಒತ್ತಿ ವಿದ್ಯುತ್ತನ್ನು ನಿಲ್ಲಿಸಿದರೂ ಯಂತ್ರವು ಒಡನೆ ನಿಲ್ಲದು. ಬುಗುರಿಯು ಚಾಟಿಯನ್ನು ಬಿಟ್ಟ ಮೇಲೂ ಆಡುವಂತೆ ಅದೂ ಆಡುತ್ತಲೇ ಇರುವುದು. ವೇಗವು ಎರಡು ಪಾಲಾದರೆ ಅದರಲ್ಲಿ ಅಡಗಿರುವ ಶಕ್ತಿಯು ನಾಲ್ಕು ಪಾಲು. ಆದುದರಿಂದ ಸೆರಗನ್ನು ಬಿಗಿದು ಸಿಕ್ಕಿಸಿ, ದುಪ್ಪಟ್ಟವನ್ನು ಕಟ್ಟಿ, ಜಡೆಯನ್ನು ಮುಡಿಕಟ್ಟಿ ಕೂರುವುದು ಅಂಜುಬುರುಕುತನವಲ್ಲ, ತಿಳಿವಳಿಕೆಯು. ವಾಹನದ ಹಿಂಗಾಲಿಯ ಪಕ್ಕದ ಸೀರೆಯ ತಡೆಯನ್ನು ಅಂದಕ್ಕಾಗಿ ತೆಗೆಸದಿರಿ.

ಬುಗುರಿಯು ಗಂಡುಹುಡುಗರ ಆಟವೆಂದು ಹೆಣ್ಣುಮಕ್ಕಳ ಕೈಯಿಂದ ಅದನ್ನು ಕಸಿದುಕೊಳ್ಳುವ ಮನೆಗಳು ಇನ್ನೂ ಉಂಟು. ಪೋಷಕರು ಹಾಗೆ ಮಾಡಬಾರದು. ಚಾಟಿಯನ್ನು ಸುತ್ತಿ ಎಸೆಯಲು ಕಲಿತ ಬಾಲಿಕೆಯು ಭೂಮಿಯ ನಡೆಯನ್ನೂ ಯಂತ್ರದ ಗುಣವನ್ನೂ ಒಂದೇ ಆಟದಲ್ಲಿ ಕಲಿಯುವಳು. ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರೇ, ಮುಂದಿನ ಸಲ ಚನ್ನಪಟ್ಟಣದ ಮೇಲೆ ಹೋಗುವಾಗ ಮಗನಿಗೊಂದು ಬುಗುರಿಯನ್ನು ಕೊಂಡರೆ, ಮಗಳಿಗೂ ಒಂದನ್ನು ತಪ್ಪದೆ ಕೊಳ್ಳಿರಿ. ಅದು ಬೀಳದಿರುವುದೇಕೆಂದು ಅವಳನ್ನೇ ಮೊದಲು ಕೇಳಿರಿ.